ಹಸೆಗೋಡೆಯಿಂದ ಮುದ್ರಿತ ಪುಟಕ್ಕೆ: ಚಿತ್ತಾರ ಮತ್ತು ಗ್ರಾಫಿಕ್ ವಿನ್ಯಾಸ

ಸ್ಥಳೀಯ ನಿಸರ್ಗ, ಚರಿತ್ರೆ ಹಾಗೂ ಆಚರಣೆಗಳಿಂದ ಪ್ರೇರಣೆ ಪಡೆಯುವ ಗ್ರಾಫಿಕ್ ವಿನ್ಯಾಸಕಾರರಿಗೆ ಮಲೆನಾಡಿನ ದೀವರ ಮಹಿಳೆಯರ ಚಿತ್ತಾರವು ಒಂದು ಮುಖ್ಯ ಆಕರವಾಗಿದೆ. ಆಮಂತ್ರಣ ಪತ್ರಿಕೆ, ಪುಸ್ತಕದ ಮುಖಪುಟ, ಕೈಚೀಲಗಳ ಮೇಲೆ ಅದರ ರೇಖೆಗಳು ಕಾಣಿಸಿಕೊಳ್ಳುತ್ತಿವೆ. ಇದು ಕಲೆಯ ಮುಂದುವರಿಕೆಯೋ, ಅದರ ಹೊರರೂಪದ ಬಳಕೆಯೋ ಎಂಬುದು ಇಲ್ಲಿನ ಪ್ರಶ್ನೆ.

ಸಾಗರ, ಸೊರಬ ಸೀಮೆಯ ದೀವರಲ್ಲಿ ಮದುವೆಯ ಸಂದರ್ಭದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯಲಾಗುತ್ತದೆ. ಅಕ್ಕಿಹಿಟ್ಟಿನಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಬಣ್ಣ ದೊರೆಯುತ್ತದೆ, ಪುಂಡಿನಾರೇ ಕುಂಚ. ಗದ್ದೆ, ಕಾಡು, ಮಣ್ಣುಗಳೇ ಈ ಕಲೆಯ ವರ್ಣಪಟವನ್ನು ನಿರ್ಧರಿಸಿವೆ. ದಂಡಿಗೆ, ಬಾಸಿಂಗ, ವಧೂವರರ ಆಕೃತಿಗಳು ಮದುವೆಯ ವಿಧಿಗೆ ಸಂಬಂಧಿಸಿದವು. ಬಿಳಿಯ ಎಳೆಗಳ ನಡುವೆ ಉಳಿಯುವ ಕೆಂಪು ಬರಿಯ ಹಿನ್ನೆಲೆಯಲ್ಲ. ಅದು ರಚನೆಯ ಅರ್ಧಭಾಗವೇ ಆಗಿದೆ.

ವಿನ್ಯಾಸಕಾರರು ಎಡವುವುದು ಇಲ್ಲಿಯೇ. ಬಿಳಿ ಕಾಗದದ ಮೇಲೆ ಕೆಂಪು ಗೆರೆಯೆಳೆದಾಗ ಮಣ್ಣು ಮತ್ತು ಅಕ್ಕಿಯ ಸಂಬಂಧ ತಲೆಕೆಳಗಾಗುತ್ತದೆ. ಗಣಕಯಂತ್ರದಲ್ಲಿ ಒಂದೇ ತುಣುಕನ್ನು ಪುನರಾವರ್ತಿಸಿ ಅಂಚು ಕಟ್ಟಿದಾಗ, ಎಳೆಯಿಂದ ಎಳೆಗೆ ಸೂಕ್ಷ್ಮವಾಗಿ ಬದಲಾಗುವ ಕೈಯ ಲಯ ಅಳಿಯುತ್ತದೆ. ಉಳಿಯುವುದು ಅಲಂಕಾರ ಮಾತ್ರ.

ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯ ನಿದರ್ಶನವು ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ತೆನೆಗಟ್ಟುವ ಪೈರಿರುವ ಭೂಮಿಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆಯ ಅಡುಗೆಯನ್ನು ಚಿತ್ತಾರದ ಬುಟ್ಟಿಯಲ್ಲಿ ಹೊಲಕ್ಕೆ ಒಯ್ಯಲಾಗುತ್ತದೆ. ಈ ರೇಖೆಗಳನ್ನು ಭತ್ತದ ಬೀಜದ ಚೀಲದ ಮೇಲೆ ಮುದ್ರಿಸಿದರೆ ಭೂಮಿಯೊಂದಿಗಿನ ನಂಟು ಉಳಿಯುತ್ತದೆ. ವಸತಿಗೃಹದ ಸ್ನಾನದ ಕೋಣೆಯ ಹಂಚಿನ ಮೇಲೆ ಅವು ಬರಿಯ ಗೆರೆಗಳು. ಆದ್ದರಿಂದ ಮಾಧ್ಯಮ ಬದಲಾಯಿತೆಂಬುದು ಆಕ್ಷೇಪವಲ್ಲ. ಬುಟ್ಟಿ, ಗೋಡೆಗಳೆರಡರಲ್ಲೂ ನೆಲೆಸಿರುವ ಚಿತ್ತಾರಕ್ಕೆ ಕಾಗದವೂ ನಿಷಿದ್ಧವಲ್ಲ. ಸಂದರ್ಭದ ಅರಿವಿಲ್ಲದಿರುವುದೇ ದೋಷ.

ಇದರೊಂದಿಗೆ ಒಡೆತನದ ಪ್ರಶ್ನೆಯೂ ಇದೆ. 2000ದ ವಿನ್ಯಾಸ ಕಾಯ್ದೆಯು ಹೊಸತಾದ ಅಥವಾ ಸ್ವೋಪಜ್ಞವಾದ ವಿನ್ಯಾಸಕ್ಕೆ ರಕ್ಷಣೆ ನೀಡುತ್ತದೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹರಿದುಬಂದ ರೂಪಗಳು ಈ ವ್ಯಾಖ್ಯೆಗೆ ಸುಲಭವಾಗಿ ಒಗ್ಗುವುದಿಲ್ಲ. ಕರ್ತೃವಿನ ಹೆಸರಿಲ್ಲದ ಕಲೆಯನ್ನು ವಾರಸುದಾರರಿಲ್ಲದ ಸೊತ್ತೆಂದು ಬಗೆಯುವ ಪ್ರವೃತ್ತಿ ಇದರಿಂದ ಬೆಳೆಯುತ್ತದೆ. ಹಸೆಗೋಡೆಯ ಮೇಲೆ ಯಾರೂ ಸಹಿ ಮಾಡಲಿಲ್ಲ, ನಿಜ. ಆದರೆ ಬರೆದವರು ಯಾರೆಂಬುದು ಊರಿಗೆ ತಿಳಿದಿತ್ತು. ಮುದ್ರಿತ ವಿನ್ಯಾಸವು ಊರಿನಾಚೆ ಸಂಚರಿಸುವುದರಿಂದ ಆ ತಿಳಿವಳಿಕೆಯನ್ನು ಹೆಸರಿನ ರೂಪದಲ್ಲಿಯೂ ಸಂಭಾವನೆಯ ರೂಪದಲ್ಲಿಯೂ ಜೊತೆಗೊಯ್ಯಬೇಕಾಗುತ್ತದೆ.

ಚಿತ್ತಾರಗಿತ್ತಿಯರನ್ನು ಮಾದರಿ ಒದಗಿಸುವವರೆಂದಷ್ಟೇ ಕಾಣದೆ, ಎಲ್ಲಿ ಯಾವ ಎಳೆ ಸಲ್ಲುತ್ತದೆಂದು ನಿರ್ಣಯಿಸುವ ವಿನ್ಯಾಸಕಾರರೆಂದು ಒಪ್ಪಿಕೊಂಡಾಗ ಮಾತ್ರ ಸ್ಥಳೀಯತೆಯ ಹೆಸರಿನಲ್ಲಿ ನಡೆಯುವ ಕೆಲಸ ಸ್ಥಳಕ್ಕೆ ಋಣಿಯಾಗಿರಲು ಸಾಧ್ಯ.