ಹೋರಿಯ ಬಲ ಅರಿಯದ ದಾರಿಗಳ್ಳರು

2011ರಲ್ಲಿ ಬೆಥೆಸ್ಡಾ ಹೊರತಂದ ‘ಸ್ಕೈರಿಮ್’ ವಿಡಿಯೊ ಗೇಮಿನ ನಾಯಕ ಡ್ರ್ಯಾಗನ್‌ಗಳನ್ನೇ ಕೊಂದವನು. ಅವುಗಳ ಮೂಳೆಯಿಂದ ಮಾಡಿದ ಕವಚ ತೊಟ್ಟಿರುತ್ತಾನೆ, ಬರೀ ಕೂಗಿನಿಂದಲೇ ಎದುರಿದ್ದವರನ್ನು ದೂರ ಎಸೆಯಬಲ್ಲ. ಅಂಥವನ ಮೇಲೆ ತೊಗಲಂಗಿ ತೊಟ್ಟ ದಾರಿಗಳ್ಳನೊಬ್ಬ ಕೊಡಲಿ ಎತ್ತಿ ಓಡಿ ಬರುತ್ತಾನೆ. ಒಂದೇ ಏಟಿಗೆ ಸಾಯುತ್ತಾನೆ. ಕಣ್ಣೆದುರೇ ಅದನ್ನು ಕಂಡ ಜೊತೆಗಾರನೂ ಹಾಗೆಯೇ ನುಗ್ಗುತ್ತಾನೆ. ಇನ್ನೊಬ್ಬ ಮೊಣಕಾಲೂರಿ ಸೋತೆನೆಂದು ಬೇಡಿಕೊಳ್ಳುತ್ತಾನೆ, ತುಸು ಚೇತರಿಸಿಕೊಂಡದ್ದೇ ಮತ್ತೆ ಕತ್ತಿ ಬೀಸುತ್ತಾನೆ. ಇದು ಧೈರ್ಯವಲ್ಲ. ಎದುರಿಗೆ ಯಾರಿದ್ದಾರೆಂಬ ಅರಿವೇ ಇಲ್ಲದವನಲ್ಲಿ ಧೈರ್ಯ ಎಲ್ಲಿಂದ ಬರಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯವರಿಗೆ ಈ ಕಾಳಗ ಸಪ್ಪೆ ಎನಿಸಿದರೆ ಅದಕ್ಕೆ ಕಾರಣವಿದೆ. ದೀಪಾವಳಿಯ ಪಾಡ್ಯದಿಂದ ತಿಂಗಳುಗಟ್ಟಲೆ ನಮ್ಮ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಜೂಲ, ಬಲೂನು, ಕೊರಳ ತುಂಬ ಕೊಬ್ಬರಿ ಹಾರ ಹೊತ್ತ ಹೋರಿ ಅಖಾಡಕ್ಕೆ ಚಿಮ್ಮುತ್ತದೆ. ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಬಲದಲ್ಲಿ ಹೋರಿಗೂ ಅವರಿಗೂ ಹೋಲಿಕೆಯೇ ಇಲ್ಲ, ಆದರೆ ಅದು ಅವರಿಗೆ ಗೊತ್ತು. ಹೋರಿಗೊಂದು ಹೆಸರಿದೆ, ಅಭಿಮಾನಿಗಳಿದ್ದಾರೆ, ಎಲ್ಲಿ ಕೊಬ್ಬರಿ ಬಿಡದೆ ಓಡಿ ಬಹುಮಾನ ಗೆದ್ದಿತೆಂಬ ಸುದ್ದಿ ಅದಕ್ಕಿಂತ ಮುಂಚೆಯೇ ಊರು ತಲುಪಿರುತ್ತದೆ. ಒಬ್ಬ ಎದುರು ನಿಲ್ಲುತ್ತಾನೆ, ಒಬ್ಬ ಪಕ್ಕದಿಂದ ಕೈ ಹಾಕುತ್ತಾನೆ, ಕೊನೆಯ ಗಳಿಗೆಯಲ್ಲಿ ಮತ್ತೊಬ್ಬ ಸರಿದುಬಿಡುತ್ತಾನೆ. ಸರಿದವನನ್ನು ಯಾರೂ ಹೇಡಿ ಎನ್ನುವುದಿಲ್ಲ. ಹಾಗೆಂದು ಹಬ್ಬವನ್ನು ಕಣ್ಣುಮುಚ್ಚಿ ಹೊಗಳಲಾರೆ: ಹೋರಿ ಹಾಯ್ದು ಸತ್ತವರಿದ್ದಾರೆ, ಅವರಲ್ಲಿ ಬರೀ ನೋಡಲು ಬಂದು ನಿಂತವರೂ ಇದ್ದಾರೆ. ಆ ಸಾವಿನ ಭಯವೇ ಅಖಾಡದ ಪ್ರತಿ ಹೆಜ್ಜೆಯನ್ನೂ ನಿರ್ಧರಿಸುತ್ತದೆ.

ಸ್ಕೈರಿಮ್ ಮಾಡಿದವರಿಗೆ ಭಯ ತೋರಿಸುವುದು ಅಸಾಧ್ಯವಾಗಿರಲಿಲ್ಲ. ಅದರ ಪಾತ್ರಗಳಿಗೆ ಅಂಜುಬುರುಕನಿಂದ ಹುಂಬನವರೆಗೆ ಐದು ಹಂತದ ಎದೆಗಾರಿಕೆ ನಿಗದಿ ಮಾಡಲು ಅವಕಾಶವಿದೆ. ನಡುವಿನ ಹಂತದವರು ಎದುರಾಳಿಯ ಬಲ ತೂಗಿ ಓಡಬೇಕು. ಉಪಕರಣ ಕೈಯಲ್ಲಿದ್ದೂ ಕಳ್ಳರ ನಡತೆಯಲ್ಲಿ ಅದರ ಸುಳಿವು ಸಿಗುವುದು ಅಪರೂಪ. ಓಡುವವರನ್ನು ಅಟ್ಟಿಸಿಕೊಂಡು ಹೋಗುವುದು ಆಟಗಾರನಿಗೆ ಬೇಸರ, ಕೈಗೆ ಬರಬೇಕಾದ ಲೂಟಿಯೂ ತಪ್ಪುತ್ತದೆ ಎಂಬ ಸಮರ್ಥನೆ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ.

ಆದರೆ ಈ ತೊಡಕನ್ನು 1994ರಲ್ಲೇ ಜಪಾನಿನ ಶಿಗೆಸಾತೊ ಇತೊಯಿ ಬಿಡಿಸಿದ್ದರು. ಅವರ ‘ಮದರ್ 2’ ಆಟದಲ್ಲಿ ನಾಯಕ ಬಲಿತ ಮೇಲೆ ಸಣ್ಣಪುಟ್ಟ ವೈರಿಗಳು ಅವನನ್ನು ಕಂಡೊಡನೆ ಓಟ ಕೀಳುತ್ತವೆ. ಹಿಂದಿನಿಂದ ಮುಟ್ಟಿದರೆ ಕಾಳಗವಿಲ್ಲದೆಯೇ ಗೆಲುವು, ಗಳಿಕೆಯೂ ತಪ್ಪುವುದಿಲ್ಲ. ನಾನು ಬೆಳೆದಿದ್ದೇನೆ ಎಂಬುದನ್ನು ಆ ಓಟವೇ ಆಟಗಾರನಿಗೆ ತಿಳಿಸುತ್ತದೆ. ಹದಿನೇಳು ವರ್ಷ ತಡವಾಗಿ, ಅದಕ್ಕಿಂತ ಎಷ್ಟೋ ದೊಡ್ಡ ಯಂತ್ರಗಳ ಮೇಲೆ ಬಂದ ಸ್ಕೈರಿಮ್, ಬೆಟ್ಟ ಹಿಮ ನದಿಗಳನ್ನು ಅಷ್ಟು ಅಕ್ಕರೆಯಿಂದ ಕಟ್ಟಿಯೂ, ಅಲ್ಲಿ ಬದುಕುವ ಕಳ್ಳನಿಗೆ ಜೀವದಾಸೆಯನ್ನೇ ಕೊಡಲಿಲ್ಲ.