ಪ್ರಾರಂಭೋತ್ಸವದ ಗುಣದೋಷ

ಗದಗ ಸೀಮೆಯ ರೋಣ, ನರಗುಂದ, ಗಜೇಂದ್ರಗಡಗಳ ಪೇಟೆಯಲ್ಲಿ ಒಂದು ಕುಟುಂಬವು ಕಿರಾಣಿ ಅಂಗಡಿಯನ್ನಾಗಲಿ, ಸೀರೆಯ ಮಳಿಗೆಯನ್ನಾಗಲಿ, ರೊಟ್ಟಿಯ ಖಾನಾವಳಿಯನ್ನಾಗಲಿ ತೆರೆಯುವಾಗ ನಡೆಸುವ ಪ್ರಾರಂಭೋತ್ಸವವನ್ನು, ಉಂಡು ಹರಸಿ ಬರುವಷ್ಟಕ್ಕೇ ಬಿಡದೆ, ಒಂದು ಕೃತಿಯೆಂದು ಭಾವಿಸಿ ಪರಾಮರ್ಶಿಸಿದರೆ, ಅದರಲ್ಲಿ ಎರಡು ವಿಧಿಗಳು ಕೂಡಿಕೊಂಡಿರುವದು ಗೋಚರವಾಗುತ್ತದೆ. ನಸುಕಿನಲ್ಲಿ ನಡೆಯುವದು ಮನೆಯವರ ಪೂಜೆ. ಹೊತ್ತೇರಿದ ಮೇಲಿನದು ವೇದಿಕೆಯ ಸಮಾರಂಭ.

ಪೂಜೆಯ ಭಾಗವು ನಿಸ್ಸಂದೇಹವಾಗಿ ಉತ್ಕೃಷ್ಟವಾದುದು. ಬಾಗಿಲಿಗೆ ಬಾಳೆಯ ಕಂಬ, ಮಾವಿನ ತೋರಣ. ಒಳಗೆ ಲಕ್ಷ್ಮಿಯ ಪಟದೆದುರು ತಕ್ಕಡಿ, ತೂಕದ ಕಲ್ಲು, ಮೊದಲ ಪುಟದಲ್ಲಿ 'ಶ್ರೀ' ಬರೆದ ಹೊಸ ಕಿರ್ದಿ. ಖಾನಾವಳಿಯಾದರೆ ಒಲೆ ಮತ್ತು ಹಂಚು. ವ್ಯಾಪಾರದಲ್ಲಿ ಯಾವ ಸಾಧನಗಳಿಂದ ವಂಚನೆ ಸಾಧ್ಯವೋ ಅವುಗಳಿಗೇ ಅರಿಷಿಣ ಕುಂಕುಮವೇರಿಸಿ, ಅವುಗಳನ್ನೇ ಸಾಕ್ಷಿಗೆ ನಿಲ್ಲಿಸುವ ಈ ಕ್ರಮದಲ್ಲಿ ಯಾವ ಉಪದೇಶವಾಣಿಯೂ ಇಲ್ಲದ ಒಂದು ನೀತಿಯಿದೆ. ಅನಂತರದ್ದು ಬೋಣಿಗೆ. ಮೊದಲ ಗಿರಾಕಿ ಸೋದರಮಾವನೇ ಆದರೂ 'ಇವತ್ತ ಬೋಣಿಗಿ, ಉದರಿ ಇಲ್ಲ ಮಾವಾ' ಎಂದು ನಗುತ್ತ ನಗದು ಪಡೆದು, ಆ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲೆಗೆ ಹಾಕುವಲ್ಲಿ, ಬಂಧುತ್ವಕ್ಕೂ ವ್ಯವಹಾರಕ್ಕೂ ನಡುವಿನ ಗೆರೆಯನ್ನು ಯಾರ ಮನಸ್ಸೂ ನೋಯದಂತೆ ಎಳೆಯಲಾಗುತ್ತದೆ.

ಈ ವಿಧಿಯ ಸತ್ತ್ವಕ್ಕೆ ದೀಪಾವಳಿಯ ಪಾಡ್ಯವೇ ಪ್ರಮಾಣ. ಹಿಂದೆ ಅನೇಕ ವರ್ತಕರ ಲೆಕ್ಕದ ವರ್ಷವು ಆ ಹಬ್ಬದಿಂದಲೇ ಆರಂಭವಾಗುತ್ತಿತ್ತು. 1989-90ರ ತೆರಿಗೆ ನಿರ್ಧರಣಾ ವರ್ಷದಿಂದ ಆದಾಯ ತೆರಿಗೆಗೆ ಮಾರ್ಚ್ 31ಕ್ಕೆ ಮುಗಿಯುವ ವರ್ಷವೇ ಎಲ್ಲರಿಗೂ ಕಡ್ಡಾಯವಾಯಿತು. ಲೆಕ್ಕವು ಗಣಕಯಂತ್ರಕ್ಕೆ ಹೋದರೂ, ಪಾಡ್ಯದ ದಿನದ ಕಿರ್ದಿಯ ಪೂಜೆ ಮಾತ್ರ ನಿಂತಿಲ್ಲ.

ವೇದಿಕೆಯ ಭಾಗಕ್ಕೆ ಬಂದರೆ, ಅದರ ದೋಷವು ಆಮಂತ್ರಣ ಪತ್ರಿಕೆಯಲ್ಲಿಯೇ ವ್ಯಕ್ತವಾಗುತ್ತದೆ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು ಎಂಬ ಸರಕಾರಿ ಸಮಾರಂಭದ ಶ್ರೇಣಿಯೆಲ್ಲ ಸಾಲಾಗಿ ಇಳಿದು ಬಂದು, ಕಟ್ಟಕಡೆಗೆ 'ತಮ್ಮ ಆಗಮನಾಭಿಲಾಷಿಗಳು' ಎಂಬಲ್ಲಿ ಅಂಗಡಿಯ ಒಡೆಯರಿಗೆ ಸ್ಥಳ ದೊರೆಯುತ್ತದೆ. ಸಾಲದ್ದಕ್ಕೆ, ನಸುಕಿನಲ್ಲಿ ತೆರೆದು ಪೂಜಿಸಿದ ಬಾಗಿಲಿಗೆ ಮತ್ತೆ ರಿಬ್ಬನ್ ಕಟ್ಟಿ, ಅತಿಥಿಗಳು ಬರುವವರೆಗೆ ಕೊಳ್ಳಲು ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸುವದು ವ್ಯಾಪಾರಧರ್ಮಕ್ಕೇ ವಿರುದ್ಧವಾದುದು. ಊರಿನ ಮಾನ್ಯರ ಉಪಸ್ಥಿತಿಯಿಂದ ಹೊಸ ಅಂಗಡಿಗೆ ಪ್ರಚಾರವೂ ವಿಶ್ವಾಸವೂ ಒದಗುತ್ತವೆಯೆಂಬ ಸಮರ್ಥನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ವಿಶ್ವಾಸದ ನಿಜವಾದ ದಾತೃಗಳು ಬೇರೆಯವರು.

ಗದಗ ಸೀಮೆಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ. 1904ರ ಸಹಕಾರ ಕಾಯಿದೆಯ ಬೆನ್ನಲ್ಲೇ, 1905ರಲ್ಲಿ ಇಲ್ಲಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವು ಹುಟ್ಟಿದಾಗ, ಒಬ್ಬನ ಸಾಲಕ್ಕೆ ನೆರೆಯವನ ಮಾತೇ ಆಧಾರವಾಗಬಲ್ಲದೆಂಬ ತತ್ತ್ವವು ಈ ನೆಲದಲ್ಲಿ ಬೇರೂರಿತು. ಇಂದಿಗೂ ಸಣ್ಣ ಅಂಗಡಿಯ ಸಾಲದ ಕಾಗದದ ಮೇಲೆ ಜಾಮೀನಿಗೆ ರುಜು ಹಾಕುವವನು ಬಹುಧಾ ಒಬ್ಬ ಬೀಗನೋ ಗೆಳೆಯನೋ ಆಗಿರುತ್ತಾನೆ. ಖಾನಾವಳಿಯ ಮುಖ್ಯ ಬಂಡವಾಳವೋ ರೊಟ್ಟಿ ಬಡಿಯುವ ಅತ್ತೆಸೊಸೆಯರ ಕೈ. ಪತ್ರಿಕೆಯಲ್ಲಿ ಜಾಮೀನುದಾರನ ಹೆಸರಿಲ್ಲ. ಆ ಹೆಂಗಸರೋ ಅತಿಥಿಗಳಿಗೆ ಆರತಿ ಬೆಳಗಿ ಒಳಗೆ ಸರಿಯುತ್ತಾರೆ. ಪ್ರತಿಷ್ಠೆಯನ್ನು ಕಡ ಕೊಟ್ಟವರಿಗೆ ಶಾಲು, ಹಾರ. ಪತ್ತನ್ನೂ ಶ್ರಮವನ್ನೂ ಕೊಟ್ಟವರಿಗೆ ಪಂಕ್ತಿಯ ಕೊನೆಯ ಊಟ.

ಆದುದರಿಂದ ಈ ಆಚರಣೆಯನ್ನು ಆಡಂಬರವೆಂದು ಒಟ್ಟಾಗಿ ಜರೆಯುವದೂ, ಸಂಪ್ರದಾಯವೆಂದು ಒಟ್ಟಾಗಿ ಹೊಗಳುವದೂ ಸಲ್ಲದು. ಪೂಜೆಯೂ ಬೋಣಿಗೆಯೂ ಇದ್ದಂತೆಯೇ ಉಳಿಯಲಿ. ಹಿರಿಯರೂ ಸ್ವಾಮಿಗಳೂ ಬಂದು ಹರಸಲಿ. ಆದರೆ ಬೋಣಿಗೆಯಾದ ಮೇಲೆ ಅಂಗಡಿಯ ಉದ್ಘಾಟನೆಯೂ ಆಯಿತೆಂದೇ ತಿಳಿದು ವ್ಯಾಪಾರವನ್ನು ನಡೆಯಗೊಟ್ಟು, ಪತ್ರಿಕೆಯ ಮೊದಲ ಸಾಲಿನಲ್ಲಿ ರೊಟ್ಟಿ ಬಡಿಯುವವಳ ಹೆಸರನ್ನೂ, ಎರಡನೆಯದರಲ್ಲಿ ಜಾಮೀನು ನಿಂತವನ ಹೆಸರನ್ನೂ ಅಚ್ಚು ಮಾಡಿಸುವ ಕುಟುಂಬವೇ ಈ ಉತ್ಸವದ ಮರ್ಮವನ್ನು ಬಲ್ಲುದು.