ಹೆಸರುಗಳು ಒಡೆಯುವ ಹೊತ್ತು

ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ಗೆ ಹೋದವರಿಗೆ ಗೊತ್ತು: ಘಟಪ್ರಭೆ ಕಣ್ಣಿಗೆ ಬೀಳುವ ಮೊದಲೇ ಅವಳ ಮೊರೆತ ಎದೆಗೆ ಬಡಿಯುತ್ತದೆ. ನೀರು ಇನ್ನೂ ತಿರುವಿನ ಆಚೆಗಿರುತ್ತದೆ. ಕಾಲು ಮಾತ್ರ ಆಗಲೇ ಚುರುಕಾಗಿರುತ್ತದೆ. 1960ರ ‘ಸೈಕೋ’ ಚಿತ್ರದ ಟೈಟಲ್ ನೋಡುವಾಗೆಲ್ಲ ನನಗೆ ಈ ದಾರಿ ನೆನಪಾಗುತ್ತದೆ.

ಆ ಟೈಟಲ್‌ನಲ್ಲಿ ಮುಖವಿಲ್ಲ, ಚಾಕುವಿಲ್ಲ, ನೆತ್ತರಿಲ್ಲ. ಅದನ್ನು ರೂಪಿಸಿದ ಸಾಲ್ ಬಾಸ್ ಬಳಸಿದ್ದು ಬರೀ ಗೆರೆಗಳನ್ನು. ಅವು ಅಡ್ಡಡ್ಡ, ಉದ್ದುದ್ದ ನುಗ್ಗುತ್ತವೆ; ಸೀಳಿದ ಅಕ್ಷರಗಳು ಕ್ಷಣಕಾಲ ಕೂಡಿ ಹೆಸರಾಗುತ್ತವೆ, ಮತ್ತೆ ಚೂರಾಗುತ್ತವೆ. ಒಡೆದ ಮನಸ್ಸಿನ ಕಥೆಗೆ ಇದಕ್ಕಿಂತ ಒಳ್ಳೆಯ ಮುನ್ಸೂಚನೆ ಉಂಟೇ! ಸಂಗೀತಕ್ಕೆ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನಷ್ಟೇ ಉಳಿಸಿಕೊಂಡರು. ಕಮಾನು ತಂತಿಯನ್ನು ಇರಿದಂತೆ ಕೇಳುತ್ತದೆ. ಆಮೇಲೆ ಅಬ್ಬರ ಇಳಿದು ಪರದೆಯ ಮೇಲೆ ಊರಿನ ಹೆಸರು, ದಿನಾಂಕ, ಕೊನೆಗೆ ಗಂಟೆ: ಮಧ್ಯಾಹ್ನ 2.43. ಇಷ್ಟು ಕರಾರುವಾಕ್ಕಾಗಿ ಯಾಕೆ? ಕ್ಯಾಮೆರಾ ಅರೆಮುಚ್ಚಿದ ಕಿಟಕಿಯೊಳಗೆ ನುಸುಳುತ್ತದೆ. ಕದ್ದು ನೋಡುವವರು ನಾವೇ ಆಗಿಬಿಡುತ್ತೇವೆ.

ಕಾಣುವ ಮೊದಲೇ ಸೆಳೆಯುವ ಈ ಹಿಡಿತ ಗೋಕಾಕದ ಸುತ್ತಲಿನ ಮೂಡಲಗಿ, ಹುಕ್ಕೇರಿ ಸೀಮೆಗೆ ಹೊಸದಲ್ಲ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತದ ನಾಡಿದು. ಈ ಬಯಲಾಟದಲ್ಲಿ ಪಾತ್ರಕ್ಕಿಂತ ಮುಂಚೆ ಹಾಡು ಬರುತ್ತದೆ. ಹಿಡಿದ ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಪಾದಗಳಷ್ಟೇ ಕಾಣುತ್ತವೆ. ಜಾತ್ರೆಯ ಗದ್ದಲವೆಲ್ಲ ಆ ಎರಡು ಪಾದಗಳತ್ತ ತಿರುಗಿ ಸುಮ್ಮನಾಗುತ್ತದೆ.